ಫಾರ್ಮ್ಯಾಟ್ ಮಾಮ ಅಳಿಸಿದ ನಾನೂರ ಹನ್ನೆರಡು ಮಾತು

ಔಷಧಿ ಅಂಗಡಿಯ ಪಕ್ಕದ ಮೆಟ್ಟಿಲ ಕೆಳಗೆ ಒಂದು ಕೋಣೆ. ಕೋಣೆ ಅನ್ನುವುದು ಮರ್ಯಾದೆಗೆ. ಮೊದಲು ಅದು ಪೊರಕೆ, ಬಕೆಟ್ಟು ಇಡುವ ಜಾಗವಾಗಿತ್ತು. ಚಾವಣಿ ಒಂದು ಕಡೆ ಇಳಿದುಕೊಂಡು ಬಂದಿದ್ದರಿಂದ ಆ ಕಡೆ ಕೂತವರು ಏಳುವಾಗ ತಲೆ ಚಚ್ಚಿಸಿಕೊಳ್ಳುವುದು ಖಾತ್ರಿ. ಗಿರಾಕಿಗಳ ಸ್ಟೂಲು ಇದ್ದದ್ದು ಆ ಕಡೆಯೇ. ಇನ್ನೊಂದು ಕಡೆ, ಬಿಚ್ಚಿದ ಕಂಪ್ಯೂಟರುಗಳ ಮಧ್ಯೆ, ಕೊರಳಿಗೆ ಟಾರ್ಚು ನೇತುಹಾಕಿಕೊಂಡು ಕೂತಿರುತ್ತಿದ್ದವನನ್ನು ಬೀದಿಯವರೆಲ್ಲ ಫಾರ್ಮ್ಯಾಟ್ ಮಾಮ ಅನ್ನುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು. ಅದು ಕರೆಂಟು ಬಿಲ್ಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಉಪಯೋಗಕ್ಕೆ ಬರುತ್ತಿರಲಿಲ್ಲ.

ಆ ಅಡ್ಡಹೆಸರು ಸುಮ್ಮನೆ ಅಂಟಿಕೊಂಡದ್ದಲ್ಲ. ಕಂಪ್ಯೂಟರು ನಿಧಾನವಾಯಿತೇ? ಫಾರ್ಮ್ಯಾಟ್. ನಡುನಡುವೆ ನಿಂತುಹೋಗುತ್ತದೆಯೇ? ಫಾರ್ಮ್ಯಾಟ್. ಶಬ್ದ ಬರುತ್ತಿಲ್ಲವೇ? ಸ್ಪೀಕರಿನ ವೈರು ಕಿತ್ತುಹೋಗಿದೆಯೋ ಏನೋ ಅಂತ ಒಂದು ಸಲ ಎಳೆದು ನೋಡಿ, ಆಮೇಲೆ ಫಾರ್ಮ್ಯಾಟ್. ಒಳಗಿರುವುದನ್ನೆಲ್ಲ ಅಳಿಸಿ, ಮೊದಲಿಂದ ಎಲ್ಲ ಹೊಸದಾಗಿ ತುಂಬಿ ಕೊಡುವುದು. ನೆಗಡಿ ಬಂತು ಅಂತ ಮೂಗು ಕೊಯ್ದ ಹಾಗೆ ಎಂದು ಔಷಧಿ ಅಂಗಡಿಯವರು ಆಡಿಕೊಂಡರೆ ಅವನು ಬಿಟ್ಟುಕೊಡುತ್ತಿರಲಿಲ್ಲ. "ನಿಮ್ಮ ಹತ್ರ ಮಾತ್ರೆ ತಗೊಂಡೋರು ವಾರ ಬಿಟ್ಟು ಮತ್ತೆ ಬರ್ತಾರೆ. ನನ್ನ ಹತ್ರ ಬಂದೋರು ಅದೇ ಕಾಯಿಲೆಗೆ ಮತ್ತೆ ಬಂದಿದ್ದು ತೋರ್ಸಿ ನೋಡೋಣ" ಅನ್ನುತ್ತಿದ್ದ. ಅದೂ ನಿಜವೇ. ಬೇರೆಯವರು ಎರಡು ನಿಮಿಷದ ಮೇಲುಮೇಲಿನ ಫಾರ್ಮ್ಯಾಟ್ ಮಾಡಿ ಕೈ ತೊಳೆದುಕೊಂಡರೆ, ಇವನದು ಪೂರ್ತಿ ಫಾರ್ಮ್ಯಾಟ್. ಡಿಸ್ಕಿನ ಮೂಲೆಮೂಲೆಗೂ ಸೊನ್ನೆ ಬರೆದುಕೊಂಡು ಹೋಗುವಂಥದ್ದು. ಗಂಟೆಗಟ್ಟಲೆ ಹಿಡಿಯುತ್ತಿತ್ತು. ತನ್ನ ಕೈ ದಾಟಿ ಹೋದ ಡಿಸ್ಕಿನಲ್ಲಿ ವೈರಸ್ಸಿನ ಮೊಟ್ಟೆ ಕೂಡ ಉಳಿದಿರುವುದಿಲ್ಲ ಅನ್ನುವುದು ಅವನ ಜಂಬ.

ಹಾಗಂತ ಅವನು ಕೆಟ್ಟ ಕೆಲಸಗಾರನಲ್ಲ. ಯಾರ ಯಂತ್ರದಿಂದಲೂ ಒಳ್ಳೆಯ ಭಾಗ ಕಿತ್ತು ಹಳೆಯದನ್ನು ಸಿಕ್ಕಿಸಿದವನಲ್ಲ. ಯಾರ ಫೋಟೋಗಳನ್ನೂ ತೆರೆದು ನೋಡಿದವನಲ್ಲ. ಅಳಿಸುವ ಮುಂಚೆ "ಬೇಕಾದ್ದು ಏನಾದ್ರೂ ಇದ್ರೆ ಹೇಳಿಬಿಡಿ, ಆಮೇಲೆ ಅತ್ರೂ ಬರಲ್ಲ" ಅಂತ ಮೂರು ಸಲ ಕೇಳುತ್ತಿದ್ದ. ಇದ್ದ ದೋಷ ಒಂದೇ: ಹುಡುಕಿ ನೋಡುವ ತಾಳ್ಮೆ ಇರಲಿಲ್ಲ. ಆ ಒಂದೇ ದೋಷ ಸಾಕಾಯಿತು.

ಈ ಕೆಲಸದ ಹುಚ್ಚು ಹಿಡಿಸಿದ್ದು ಭಾವ, ಅಕ್ಕನ ಗಂಡ. ಅಪ್ಪ ತೀರಿಕೊಂಡ ಮೇಲೆ ಹದಿಮೂರನೇ ವಯಸ್ಸಿಗೆ ಅವನು ಅಕ್ಕನ ಮನೆ ಸೇರಿದ್ದ. ಆ ಮನೆಯ ಮುಂದಿನ ಕೋಣೆಯಲ್ಲಿ ಭಾವ ರೇಡಿಯೋ ರಿಪೇರಿ ಮಾಡುತ್ತಿದ್ದರು. ಬೆಸುಗೆ ಹಾಕುವುದು, ತಂತಿ ಸುಲಿಯುವುದು, ಮೀಟರು ಹಿಡಿಯುವುದು ಎಲ್ಲ ಅವರ ಪಕ್ಕದಲ್ಲಿ ಕೂತು ಕಲಿತ. ಭಾವನದು ಒಂದು ಪದ್ಧತಿ. ಕೆಟ್ಟ ರೇಡಿಯೋ ಬಂದರೆ ಬಿಚ್ಚುವ ಮುಂಚೆ ಹತ್ತು ನಿಮಿಷ ಅದಕ್ಕೆ ಕಿವಿ ಕೊಟ್ಟು ಕೂರುತ್ತಿದ್ದರು. "ಏನು ಕೆಟ್ಟಿದೆ ಅಂತ ಅದೇ ಹೇಳುತ್ತಪ್ಪಾ. ನಾವು ಬಾಯಿ ಮುಚ್ಕೊಂಡು ಕೇಳ್ಬೇಕು ಅಷ್ಟೆ" ಅನ್ನುತ್ತಿದ್ದರು. ಅಕ್ಕ ಒಳಗಿಂದ, "ನೀವು ಬಾಯಿ ಮುಚ್ಕೊಳ್ಳೋದು ಆ ಹತ್ತು ನಿಮಿಷ ಮಾತ್ರ" ಅಂತ ಕೂಗುತ್ತಿದ್ದಳು. ಅವಳ ಪ್ರಕಾರ, ಬಾಯಿಲ್ಲದಿದ್ದರೆ ಅವಳ ಗಂಡನನ್ನು ನಾಯಿ ಎಳೆದುಕೊಂಡು ಹೋಗುತ್ತಿತ್ತು.

ನಿಜಕ್ಕೂ ಭಾವನ ಹತ್ತಿರ ಜನ ಬರುತ್ತಿದ್ದುದೇ ಮಾತಿಗೆ. ರೇಡಿಯೋ ಕೊಳ್ಳುವವರು ಕಡಿಮೆಯಾಗಿ, ರಿಪೇರಿ ನಿಂತೇ ಹೋದ ಮೇಲೂ ಆ ಮುಂದಿನ ಕೋಣೆಯ ಬೆಂಚು ಖಾಲಿಯಾಗಲಿಲ್ಲ. ಪೋಸ್ಟ್‌ಮನ್ ಕೂರುತ್ತಿದ್ದ, ನಿವೃತ್ತ ಗುಮಾಸ್ತರು ಕೂರುತ್ತಿದ್ದರು, ಎದುರುಮನೆಯ ಅಜ್ಜಿ ಸೊಸೆಯ ಮೇಲಿನ ದೂರು ಹೇಳಲು ಬಂದು ಹೊಟ್ಟೆ ಹಿಡಿದುಕೊಂಡು ನಕ್ಕು ಹೋಗುತ್ತಿದ್ದಳು.

ಅಂಥ ಮನುಷ್ಯನಿಗೆ ಗಂಟಲಿನ ಕಾಯಿಲೆ ಬಂತು. ಮೊದಲು ಸ್ವರ ಒಡೆಯಿತು, ಆಮೇಲೆ ನುಂಗಲು ಕಷ್ಟವಾಯಿತು. ಪರೀಕ್ಷೆ ಎಲ್ಲ ಮುಗಿದ ಮೇಲೆ ಡಾಕ್ಟರು ಸುತ್ತಿ ಬಳಸದೆ ಹೇಳಿದರು: ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಹೋಗುತ್ತದೆ. ಆಪರೇಷನ್ನಿಗೆ ಮೂರು ವಾರ ಇತ್ತು. ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಮೇಡಂ ಒಬ್ಬರು ಅಕ್ಕನನ್ನು ಪಕ್ಕಕ್ಕೆ ಕರೆದು, "ಈಗ ಸ್ವರ ಒಡೆದಿದ್ರೂ ಅವರದೇ ತಾನೆ. ದಿನಾ ಬೇಕಾಗೋ ಮಾತುಗಳನ್ನ ಅವರ ಬಾಯಲ್ಲೇ ಹೇಳಿಸಿ ಕಂಪ್ಯೂಟರಲ್ಲಿ ತುಂಬಿಸಿಡಿ. ಮುಂದೆ ಒತ್ತಿದ್ರೆ ಅವರ ದನಿಯಲ್ಲೇ ಮಾತು ಬರುತ್ತೆ" ಅಂದರು.

ಅವನು ಅವತ್ತೇ ಅಂಗಡಿಯಿಂದ ಒಂದು ಒಳ್ಳೆಯ ಕಂಪ್ಯೂಟರು, ಮೈಕು ತಂದು ಅಕ್ಕನ ಮಲಗುವ ಕೋಣೆಯಲ್ಲಿ ಜೋಡಿಸಿದ. ಬೀದಿಯ ಸದ್ದು ಬಾರದ ಹಾಗೆ ಕಿಟಕಿಗೆ ಎರಡು ರಗ್ಗು ನೇತುಹಾಕಿದರು. ಅಕ್ಕ ಹಳೆಯ ಕ್ಯಾಲೆಂಡರುಗಳ ಹಿಂಬದಿಯಲ್ಲಿ ಮಾತುಗಳ ಪಟ್ಟಿ ಬರೆದಳು. ನೀರು ಕೊಡು. ಫ್ಯಾನು ಹಾಕು. ನೋವು ಇಲ್ಲಿದೆ. ಒಳಗೆ ಬನ್ನಿ, ಕೂತ್ಕೊಳ್ಳಿ. ಭಾವ ಪಟ್ಟಿ ಓದಿ ಮುಖ ಸಿಂಡರಿಸಿದರು. "ಇದೇನೇ ಇದು, ಬರೀ ಕಾಯಿಲೆಯವನ ಮಾತು? ನಾನು ಜಗಳ ಆಡೋದು ಹೇಗೆ?" ಅಂದರು. ಹಾಗಾಗಿ ಅಕ್ಕ "ಉಪ್ಪು ಕಡಿಮೆ" ಅಂತ ಬರೆದದ್ದರ ಪಕ್ಕ ಭಾವ "ಉಪ್ಪು ಜಾಸ್ತಿ, ಆದ್ರೂ ತಿಂತೀನಿ, ಬೇರೆ ದಾರಿ ಏನಿದೆ" ಅಂತ ಸೇರಿಸಿದರು. ಅವರು ಹೆಂಡತಿಯನ್ನು ಹೆಸರು ಹಿಡಿದು ಕರೆದವರೇ ಅಲ್ಲ, "ಇವಳೇ" ಅನ್ನುತ್ತಿದ್ದರು. ಆ "ಇವಳೇ"ಯನ್ನೇ ಏಳು ಥರ ಹೇಳಿದರು: ಕನ್ನಡಕ ಕಾಣದಾಗಿನದು, ಸಿಟ್ಟಿನದು, ಹಸಿವಿನದು, ಸುಮ್ಮನೆ ಎಲ್ಲಿದ್ದಾಳೋ ಅಂತ ಕೂಗುವುದು, ಹೀಗೆ. ಏಳನೆಯದನ್ನು ಹೇಳುವಾಗ ಅಕ್ಕ ಎದ್ದು ಅಡುಗೆಮನೆಗೆ ಹೋದಳು.

ಎಲ್ಲ ಸೇರಿ ನಾನೂರ ಹನ್ನೆರಡು ಮಾತಾಯಿತು. ಅವನು ಅವನ್ನು ಡಿಸ್ಕಿನ ಎರಡನೇ ಭಾಗದಲ್ಲಿ ಫೋಲ್ಡರು ಮಾಡಿ ಜೋಡಿಸಿಟ್ಟ. ಅಡುಗೆಮನೆ ಒಂದು, ಬಾಗಿಲು ಒಂದು, ಆಸ್ಪತ್ರೆ, ಫೋನು, ಇವಳು, ಭಾಮೈದ. ಭಾಮೈದನ ಫೋಲ್ಡರಿನಲ್ಲಿ ಇವನಿಗೇ ಅಂತ ಮೀಸಲಿಟ್ಟ ಹತ್ತೊಂಬತ್ತು ಮಾತು. ಅದರಲ್ಲಿ "ಏನಪ್ಪಾ ಇಂಜಿನಿಯರ್ರೇ, ಇವತ್ತು ಯಾರ ಮನೆ ತೊಳೆದು ಬಂದೆ?" ಅನ್ನುವುದೂ ಒಂದು.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಭಾವ ಆ ಕಂಪ್ಯೂಟರನ್ನು ಮುಂದಿನ ಕೋಣೆಗೆ ಸಾಗಿಸಿಕೊಂಡರು. ಬೆಂಚಿನವರು ಮತ್ತೆ ಬಂದರು. ಯಾರಾದರೂ ಏನಾದರೂ ಕೇಳಿದರೆ ಭಾವ ಮೌಸು ಹಿಡಿದು, ಫೋಲ್ಡರು ತೆಗೆದು, ಹುಡುಕಿ ಒತ್ತುತ್ತಿದ್ದರು. ಉತ್ತರ ಬರುವುದು ಸ್ವಲ್ಪ ತಡ, ಆದರೆ ಬಂದಾಗ ಅದೇ ದನಿ, ಅದೇ ಕುಚೋದ್ಯ. ಕೆಲವು ಸಲ ಬೇಕೆಂದೇ ಸಂಬಂಧವಿಲ್ಲದ ಮಾತು ಒತ್ತಿ ನಗಿಸುತ್ತಿದ್ದರು. ಗುಮಾಸ್ತರು ದೇಶದ ಸ್ಥಿತಿಗತಿ ಕುರಿತು ಅರ್ಧ ಗಂಟೆ ಕೊರೆದರೆ, "ನೋವು ಇಲ್ಲಿದೆ" ಅನ್ನುತ್ತಿತ್ತು ಕಂಪ್ಯೂಟರು. ಎಂಟು ತಿಂಗಳು ಹೀಗೆ ನಡೆಯಿತು.

ಆ ಎಂಟು ತಿಂಗಳಲ್ಲಿ ಮಾತುಗಳ ಇನ್ನೊಂದು ಪ್ರತಿ ಮಾಡಿ ಬೇರೆ ಕಡೆ ಇಡಬೇಕು ಅಂತ ಅವನಿಗೆ ಎಷ್ಟು ಸಲ ಅನ್ನಿಸಿತೋ. ಊರಿಗೆಲ್ಲ "ಕಾಪಿ ಇಟ್ಕೊಳ್ಳಿ, ಕಾಪಿ ಇಟ್ಕೊಳ್ಳಿ" ಅಂತ ಉಪದೇಶ ಮಾಡುವವನು ಅಕ್ಕನ ಮನೆಯದನ್ನು ಮುಂದಿನ ಭಾನುವಾರಕ್ಕೆ ತಳ್ಳುತ್ತ ಬಂದ. ಮನೆಯ ಕೆಲಸ ತಾನೆ, ಎಲ್ಲಿ ಹೋಗುತ್ತದೆ.

ಅಷ್ಟರಲ್ಲಿ ಅಕ್ಕ ಒಂದು ಕೆಲಸ ಮಾಡಿದಳು. ಫೋಲ್ಡರುಗಳಲ್ಲಿ ಯಾವ ಮಾತು ಎಲ್ಲಿದೆ ಅಂತ ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಗೋಡೆಗೆ ಅಂಟಿಸಿದರೆ ಗಂಡನಿಗೆ ಹುಡುಕಲು ಸುಲಭ ಅನ್ನಿಸಿತು. ಪಕ್ಕದ ಮನೆಯವರ ಸಹಾಯದಿಂದ ಪಟ್ಟಿಯನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಪ್ರಿಂಟಿಂಗ್ ಅಂಗಡಿಗೆ ಹೋಗಿ ಬಂದಳು. ಪಟ್ಟಿಯಲ್ಲಿ ಎರಡು ಮಾತು ಬಿಟ್ಟುಹೋಗಿತ್ತು. ತಿದ್ದೋಣ ಅಂತ ಆ ಪೆನ್ ಡ್ರೈವನ್ನು ಮತ್ತೆ ಕಂಪ್ಯೂಟರಿಗೆ ಚುಚ್ಚಿದಳು. ಅಂಗಡಿಯಿಂದ ವೈರಸ್ಸು ಅದರ ಜೊತೆ ಬಂದಿತ್ತು.

ಅದು ಬಂದದ್ದು ಯಾರಿಗೂ ತಿಳಿಯಲಿಲ್ಲ. ನಾಲ್ಕು ದಿನ ಎಲ್ಲ ಸರಿಯಾಗೇ ಇದ್ದಂತಿತ್ತು. ಐದನೇ ದಿನ ಕಂಪ್ಯೂಟರಿನಲ್ಲಿದ್ದ ಆಂಟಿವೈರಸ್ಸು ನಿದ್ದೆಯಿಂದೆದ್ದು ಅದನ್ನು ಹಿಡಿದು ಕೊಂದುಹಾಕಿತು. ಭಾನುವಾರ ಬೆಳಿಗ್ಗೆ ಭಾವ ಯಂತ್ರ ಹಾಕಿದಾಗ ಪರದೆಯ ನಡುವೆ ಒಂದು ಚೌಕ ಬಂತು: ಇಂಥ ಫೈಲು ಸಿಗುತ್ತಿಲ್ಲ. ಅದನ್ನು ಮುಚ್ಚಿ ಮಾತಿನ ಜಾಗಕ್ಕೆ ಹೋದರೆ ಅಲ್ಲಿ ಒಂದು ಫೋಲ್ಡರೂ ಇಲ್ಲ. ಬಿಳೀ ಬಯಲು.

ಆ ಚೌಕದ ಮರ್ಮ ಇಷ್ಟೇ. ಕಂಪ್ಯೂಟರು ಏಳುವಾಗ ಯಾರ್ಯಾರನ್ನು ಎಬ್ಬಿಸಬೇಕು ಅನ್ನುವುದಕ್ಕೆ ಒಳಗೆ ಒಂದು ಪಟ್ಟಿ ಇರುತ್ತದೆ. ಒಳಗೆ ನುಗ್ಗಿದ ವೈರಸ್ಸು ಮೊದಲು ಆ ಪಟ್ಟಿಯಲ್ಲಿ ತನ್ನ ಹೆಸರು ಬರೆದುಕೊಳ್ಳುತ್ತದೆ. ಆಂಟಿವೈರಸ್ಸು ಅದನ್ನು ಕೊಂದರೂ ಎಷ್ಟೋ ಸಲ ಹೆಸರು ಹಾಗೇ ಉಳಿದುಬಿಡುತ್ತದೆ. ಆಮೇಲೆ, ಶಾಲೆ ಬಿಟ್ಟುಹೋದ ಹುಡುಗನ ಹೆಸರನ್ನು ಮೇಷ್ಟ್ರು ದಿನಾ ಹಾಜರಿಯಲ್ಲಿ ಕೂಗಿದ ಹಾಗೆ, ಕಂಪ್ಯೂಟರು ಕೂಗುತ್ತದೆ, ಉತ್ತರ ಬಾರದೆ ತಕರಾರು ತೆಗೆಯುತ್ತದೆ. ಪಟ್ಟಿಯಲ್ಲಿ ಆ ಒಂದು ಸಾಲು ಹುಡುಕಿ ಅಳಿಸಿದರೆ ಮುಗಿಯಿತು. ಅದರಿಂದ ಕೂದಲೂ ಕೊಂಕುವುದಿಲ್ಲ. ಇದೆಲ್ಲ ಅವನಿಗೆ ಗೊತ್ತಿತ್ತು.

ಅಕ್ಕ ಫೋನು ಮಾಡಿದಾಗ ಅವನು ಬೇರೆ ಅವಸರದಲ್ಲಿದ್ದ. ಹೊಸದಾಗಿ ತೆರೆಯುವ ಟ್ಯೂಷನ್ ಕೇಂದ್ರವೊಂದರಲ್ಲಿ ಇಪ್ಪತ್ತೆರಡು ಕಂಪ್ಯೂಟರು ಜೋಡಿಸುವ ಕೆಲಸ ಸಿಕ್ಕಿತ್ತು. ಅಷ್ಟು ದೊಡ್ಡ ಕೆಲಸ ಅವನಿಗೆ ಅದೇ ಮೊದಲು, ಸೋಮವಾರ ಬೆಳಿಗ್ಗೆ ಎಲ್ಲ ನಡೆಯಬೇಕು. ಅರ್ಧ ಗಂಟೆ ಕದ್ದುಕೊಂಡು ಅಕ್ಕನ ಮನೆಗೆ ಬಂದ. ಚಪ್ಪಲಿಯನ್ನೂ ಬಿಡದೆ ಕುರ್ಚಿಯ ತುದಿಯಲ್ಲಿ ಕೂತ.

"ಅವರ ಮಾತೆಲ್ಲ ಎಲ್ಲಿ ಹೋಯ್ತೋ?" ಅಂದಳು ಅಕ್ಕ.

"ಇರಕ್ಕ, ನೋಡ್ತೀನಿ. ಯಾರಾದ್ರೂ ಪೆನ್ ಡ್ರೈವ್ ಹಾಕಿದ್ರಾ?"

"ನಾನೇ ಹಾಕಿದ್ದೆ. ಪ್ರಿಂಟ್ ಮಾಡಿಸೋಕೆ ಹೋಗಿದ್ದೆ."

"ಅದೇ ಮತ್ತೆ. ಅಲ್ಲಿಂದ ವೈರಸ್ ಬಂದಿದೆ. ಎಲ್ಲ ತಿಂದ್ಹಾಕಿದೆ."

ಅಷ್ಟು ಸಲೀಸಾಗಿ ಅಂದುಬಿಟ್ಟ. ಪಕ್ಕದಲ್ಲಿ ಕೂತಿದ್ದ ಭಾವ ಅವನ ತೋಳು ಹಿಡಿದು ಅಲ್ಲಾಡಿಸಿದರು. ಬೆರಳು ಚಾಚಿ ಪರದೆಯ ಮೇಲೆ ಏನನ್ನೋ ತೋರಿಸಿದರು. ಡಿಸ್ಕಿನ ಹೆಸರಿನ ಕೆಳಗೆ ಒಂದು ನೀಲಿ ಗೆರೆ ಇರುತ್ತದೆ, ಎಷ್ಟು ಜಾಗ ತುಂಬಿದೆ ಅಂತ ಹೇಳುವುದು. ಒಳಗೆ ಏನೂ ಇಲ್ಲ ಅನ್ನುವ ಆ ಡಿಸ್ಕಿನ ನೀಲಿ ಗೆರೆ ಅರ್ಧ ಬೆರಳಿನಷ್ಟು ಉದ್ದವಿತ್ತು. ಅವನು "ಇರಿ ಭಾವ, ನೋಡ್ತಾ ಇದೀನಲ್ಲ" ಅಂದ. ಭಾವ ಎದ್ದು ಹೋಗಿ ಸ್ಲೇಟು ತಂದು ಬರೆದು ಅವನ ಮುಖದೆದುರು ಹಿಡಿದರು: "ಖಾಲಿ ಆದ್ರೆ ಜಾಗ ಯಾಕೆ ತುಂಬಿದೆ?"

ಅವನು ಓದಿದ. ಓದಲಿಲ್ಲ ಅನ್ನುವ ಹಾಗಿಲ್ಲ.

"ಅದು ವೈರಸ್ ಬಿಟ್ಟುಹೋಗಿರೋ ಕಸ ಭಾವ. ಎಲ್ಲ ಕ್ಲೀನ್ ಮಾಡಿಬಿಡ್ತೀನಿ" ಅಂದ. ಭಾವ ಒಂದು ಕ್ಷಣ ಅವನ ಮುಖ ನೋಡಿದರು. ತಾವೇ ಕಲಿಸಿದ ಹುಡುಗ, ಈಗ ತಮಗಿಂತ ಬಲ್ಲವನು. ಸ್ಲೇಟು ಒರೆಸಿ ಮಡಿಲಲ್ಲಿಟ್ಟುಕೊಂಡರು. ಅವನು ಪೂರ್ತಿ ಫಾರ್ಮ್ಯಾಟಿಗೆ ಒತ್ತಿ, "ಇದು ಎರಡು ಗಂಟೆ ಓಡುತ್ತೆ, ಮುಟ್ಬೇಡಿ. ಸಂಜೆ ಬಂದು ಉಳಿದಿದ್ದು ಮಾಡ್ತೀನಿ" ಅಂತ ಹೇಳಿ ಹೊರಟ. ಆ ಎರಡು ಗಂಟೆಯೂ ಭಾವ ಕುರ್ಚಿ ಬಿಟ್ಟು ಏಳದೆ, ಶೇಕಡಾ ಒಂದು, ಎರಡು, ಮೂರು ಅಂತ ಏರುವುದನ್ನು ನೋಡುತ್ತ ಕೂತಿದ್ದರಂತೆ. ಅಕ್ಕ ಊಟಕ್ಕೆ ಕರೆದರೂ ಬರಲಿಲ್ಲವಂತೆ.

ಇಪ್ಪತ್ತೆರಡು ಕಂಪ್ಯೂಟರು ಸೋಮವಾರ ಬೆಳಿಗ್ಗೆ ನಡೆದವು. ಎಲ್ಲರೂ ಹೊಗಳಿದರು.

ಹನ್ನೆರಡು ದಿನ ಕಳೆದ ಮೇಲೆ ಟೈಪಿಂಗ್ ಶಾಲೆಯ ಮೇಡಂ ಅಂಗಡಿಗೆ ಬಂದರು. ಅವರ ಕಂಪ್ಯೂಟರಿನಲ್ಲೂ ಅದೇ ಚೌಕ, ಅದೇ ಬಿಳೀ ಬಯಲು. ಅವನು ರೂಢಿಯಂತೆ "ಫಾರ್ಮ್ಯಾಟ್ ಮಾಡ್ಬೇಕು ಮೇಡಂ" ಅಂದ. ಆಕೆ ಇಳಿಜಾರಿನ ಕೆಳಗಿನ ಸ್ಟೂಲಿನಲ್ಲಿ ಗಟ್ಟಿಯಾಗಿ ಕೂತರು. "ನನ್ನ ಮಕ್ಕಳ ಪರೀಕ್ಷೆ ಪತ್ರಿಕೆಗಳಿವೆ ಅದರಲ್ಲಿ. ಅಳಿಸೋದು ಯಾವ ದಡ್ಡನಿಗೂ ಬರುತ್ತೆ, ಹುಡುಕೋದಾದ್ರೆ ಹುಡುಕಿ. ಸಿಗೋ ತನಕ ನಾನು ಏಳಲ್ಲ" ಅಂದರು.

ಇಂಥ ಗಿರಾಕಿಯನ್ನು ಎಬ್ಬಿಸಲು ಬೇರೆ ಉಪಾಯವಿಲ್ಲ ಅಂತ ಅವನು ಹುಡುಕತೊಡಗಿದ. ಜಾಗ ಎಷ್ಟು ತುಂಬಿದೆ ಅಂತ ನೋಡಿದ. ತುಂಬಿತ್ತು. ಮರೆಮಾಡಿದ ಫೈಲುಗಳನ್ನು ತೋರಿಸು ಅನ್ನುವ ಕಡೆ ಹೋಗಿ ಒಂದು ಗುರುತು ಹಾಕಿದ, ಇನ್ನೊಂದು ತೆಗೆದ. ಪರದೆಯ ತುಂಬ ಫೋಲ್ಡರುಗಳು ಬಂದು ನಿಂತವು. ಬಣ್ಣ ಸ್ವಲ್ಪ ಮಸುಕು, ಅಷ್ಟೆ. ಒಂದು ಕಾಗದವೂ ಹೋಗಿರಲಿಲ್ಲ. ಆ ವೈರಸ್ಸು ಏನನ್ನೂ ತಿನ್ನುವ ಜಾತಿಯದೇ ಅಲ್ಲ. ಇದ್ದುದನ್ನು ಮರೆಮಾಡಿ, ಅದೇ ಹೆಸರಿನಲ್ಲಿ ಬಾಗಿಲಲ್ಲಿ ತಾನು ನಿಂತು, ಒತ್ತಿದವರನ್ನು ಒಳಗೆ ಬಿಡುವಂಥದ್ದು. ಅದು ಸತ್ತಾಗ ಆ ಬಾಗಿಲೂ ಹೋಗುತ್ತದೆ, ಅಷ್ಟೆ.

"ನೋಡಿದ್ರಾ, ಮನಸ್ಸು ಮಾಡಿದ್ರೆ ಆಗುತ್ತೆ" ಅಂತ ಮೇಡಂ ಖುಷಿಯಿಂದ ಎದ್ದು ಚಾವಣಿಗೆ ತಲೆ ಬಡಿಸಿಕೊಂಡರು. ಅವನಿಗೆ ಅದು ಕೇಳಿಸಲಿಲ್ಲ. ಕಣ್ಣೆದುರು ಅಕ್ಷರ ಅಕ್ಷರವಾಗಿ ಆ ಸ್ಲೇಟು ನಿಂತಿತ್ತು. ಆಕೆ ಹೋದ ಮೇಲೆ ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೇ ಕೂತು ಅತ್ತ.

ಮರುದಿನ "ಫ್ಯಾನು ಸದ್ದು ಮಾಡ್ತಿತ್ತು, ನೋಡಿ ಕೊಡ್ತೀನಿ" ಅಂತ ಸುಳ್ಳು ಹೇಳಿ ಭಾವನ ಕಂಪ್ಯೂಟರನ್ನು ಅಂಗಡಿಗೆ ತಂದ. ಅಳಿದದ್ದನ್ನು ಹುಡುಕಿ ತೆಗೆಯುವ ಸಾಧನಗಳನ್ನೆಲ್ಲ ಒಂದಾದ ಮೇಲೊಂದು ಓಡಿಸಿದ. ಮೂರು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಬೇರೆ ಯಾರಾದರೂ ಎರಡು ನಿಮಿಷದ ಫಾರ್ಮ್ಯಾಟ್ ಮಾಡಿದ್ದರೆ ನಾನೂರರಲ್ಲಿ ಮುನ್ನೂರಾದರೂ ಸಿಗುತ್ತಿದ್ದವು. ಇವನು ಮಾಡಿದ್ದು ಇವನ ಜಂಬದ ಫಾರ್ಮ್ಯಾಟ್. ಮೂಲೆಮೂಲೆಗೂ ಸೊನ್ನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ನಾಲ್ಕನೇ ದಿನ ಕಂಪ್ಯೂಟರನ್ನು ವಾಪಸು ಹೊತ್ತುಕೊಂಡು, ಹೇಳಿಬಿಡಬೇಕು ಅಂತಲೇ ಅಕ್ಕನ ಮನೆಗೆ ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಅಕ್ಕ ಕಾಫಿ ಲೋಟ ಅವನ ಕೈಗಿಟ್ಟು ಎದುರಿಗೆ ಕೂತು, ಅವನು ಬಾಯಿ ತೆರೆಯುವ ಮುಂಚೆಯೇ ಶುರುಮಾಡಿದಳು.

"ನನ್ನಿಂದಲೇ ಆಗಿದ್ದು ಕಣೋ ಇದು. ಆ ಹಾಳು ಪೆನ್ ಡ್ರೈವನ್ನ ನಾನೇ ತಾನೆ ಚುಚ್ಚಿದ್ದು. ಅವರ ಗಂಟಲನ್ನ ಡಾಕ್ಟರು ಒಂದು ಸಲ ತೆಗೆದ್ರು, ನಾನು ಎರಡನೇ ಸಲ ತೆಗೆದೆ."

ಆಗ ಅವನು ಹೇಳಬೇಕಿತ್ತು. ಅಲ್ಲಕ್ಕ, ನಿನ್ನಿಂದಲ್ಲ, ಎಲ್ಲ ಅಲ್ಲೇ ಇತ್ತು, ನಾನು ಅಳಿಸಿದೆ ಅನ್ನಬೇಕಿತ್ತು. ಉಸಿರು ಬಿಡುವಷ್ಟರಲ್ಲಿ ಮುಗಿಯುವ ಮಾತು. ಅವನು ಅಂದದ್ದು ಏನು? "ಯಾರ ತಪ್ಪೂ ಅಲ್ಲ ಬಿಡಕ್ಕ, ವೈರಸ್‌ದು." ಇದು ಸಮಾಧಾನದ ಮಾತು ಅಂತ ಅವನೇ ತನಗೆ ಹೇಳಿಕೊಂಡ. ಸಮಾಧಾನ ಅವನದು, ಅಕ್ಕನದಲ್ಲ. ಅಕ್ಕ ಅವನ ತಲೆ ಸವರಿ, "ನೀನು ಮೂರು ದಿನ ಊಟ ಬಿಟ್ಟು ಒದ್ದಾಡಿದೆಯಂತೆ, ನಿನ್ನ ಹೆಂಡ್ತಿ ಹೇಳಿದ್ಲು. ಪಾಪ ಕಣೋ ನೀನು" ಅಂದಳು. ಆ ಕಾಫಿ ಬಿಸಿ ತುಪ್ಪವಾಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಮೊದಲ ವಾರ ಹೇಳದೇ ಹೋದದ್ದನ್ನು ಎರಡನೇ ವಾರ ಹೇಳುವುದು ಇನ್ನೂ ಕಷ್ಟ. ಆರು ತಿಂಗಳಾದ ಮೇಲೆ, ತಪ್ಪಿನ ಜೊತೆಗೆ ಆರು ತಿಂಗಳು ಮುಚ್ಚಿಟ್ಟದ್ದನ್ನೂ ಹೇಳಬೇಕು. ಹೀಗೆ ಬೆಳೆಯುತ್ತ ಹೋಯಿತು. ಅವನ ಹೆಂಡತಿಗೆ ಮಾತ್ರ ವಿಷಯ ಗೊತ್ತಿತ್ತು. "ಹೇಳಿಬಿಡಿ, ಬೈದ್ರೆ ಬೈಸ್ಕೊಳ್ಳಿ. ಅಕ್ಕ ತಾನೆ, ನುಂಗಿಬಿಡ್ತಾರಾ?" ಅಂತ ಎಷ್ಟೋ ಸಲ ಹೇಳಿದಳು. "ಈಗ ಹೇಳಿ ಮಾತು ವಾಪಸ್ ಬರುತ್ತಾ?" ಅಂತ ಇವನು ರೇಗುತ್ತಿದ್ದ. "ಮಾತು ಬರಲ್ಲ ನಿಜ" ಅನ್ನುತ್ತಿದ್ದಳು ಅವಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರಾದರೂ ಮಾತಿನ ನಡುವೆ ವೈರಸ್ಸು ಅಂದರೂ ಸಾಕು, ಅವನು ಎದ್ದು ಹೊರಗೆ ಹೋಗುತ್ತಿದ್ದ.

ಅಂಗಡಿಯಲ್ಲಿ ಮಾತ್ರ ಮನುಷ್ಯನೇ ಬದಲಾದ. ಫಾರ್ಮ್ಯಾಟ್ ಅನ್ನುವುದನ್ನು ಬಿಟ್ಟೇಬಿಟ್ಟ. ಯಂತ್ರ ಏಳುವಾಗ ಬರುವ ಒಂದು ಸಣ್ಣ ಚೌಕಕ್ಕೆ ಅರ್ಧ ದಿನ ಕೂರುತ್ತಿದ್ದ. ಪಟ್ಟಿ ತೆಗೆದು, ಒಂದೊಂದೇ ಸಾಲು ಓದಿ, ಯಾರು ನಿಜವಾದವರು, ಯಾರು ಸತ್ತ ವೈರಸ್ಸಿನ ಹೆಸರು ಅಂತ ಕಾಗದದಲ್ಲಿ ಗುರುತು ಹಾಕಿಕೊಂಡು, ಡಿಸ್ಕಿನದೆಲ್ಲ ಒಂದು ಪ್ರತಿ ಮಾಡಿಟ್ಟುಕೊಂಡು, ಆಮೇಲೆ ಆ ಒಂದು ಸಾಲಿಗೆ ಮಾತ್ರ ಕೈ ಹಾಕುತ್ತಿದ್ದ. "ಏನ್ ಮಾಮ, ಸುಮ್ನೆ ಫಾರ್ಮ್ಯಾಟ್ ಮಾಡಿ ಬಿಸಾಕಿ" ಅಂತ ಗಿರಾಕಿಗಳೇ ಅವಸರಪಡಿಸುತ್ತಿದ್ದರು. ಆಗಲ್ಲ ಅನ್ನುತ್ತಿದ್ದ. ಅಡ್ಡಹೆಸರು ಮಾತ್ರ ಬದಲಾಗಲಿಲ್ಲ. ಮಕ್ಕಳು ಫಾರ್ಮ್ಯಾಟ್ ಮಾಮ ಅಂತ ಕೂಗಿದಾಗಲೆಲ್ಲ ಅವನಿಗೆ ಯಾರೋ ಸತ್ಯ ಹೇಳಿದಂತೆ ಕೇಳುತ್ತಿತ್ತು.

ಅತ್ತ ಭಾವ ಸ್ಲೇಟಿಗೆ ಬಿದ್ದರು. ಜೀವಮಾನವಿಡೀ ಬಾಯಲ್ಲಿ ಬದುಕಿದವರ ಕೈಬರಹ ಕೋಳಿ ಕೆದರಿದ ಹಾಗಿತ್ತು. ಒಂದು ಕುಚೋದ್ಯ ಬರೆದು ಮುಗಿಸುವಷ್ಟರಲ್ಲಿ ಬೆಂಚಿನವರ ಮಾತು ಎಲ್ಲೋ ಹೋಗಿರುತ್ತಿತ್ತು. ಅವರು ಸ್ಲೇಟು ಎತ್ತಿ ಹಿಡಿದರೆ ಎಲ್ಲರೂ ಮಾತು ನಿಲ್ಲಿಸಿ, ಕಣ್ಣು ಕಿರಿದು ಮಾಡಿ ಓದಿ, ಮರ್ಯಾದೆಗೆ ನಗುತ್ತಿದ್ದರು. ಮರ್ಯಾದೆಯ ನಗು ಭಾವನಿಗೆ ಗೊತ್ತಾಗದೇ ಇರುತ್ತದೆಯೇ? ಬರೆಯುವುದು ಕಡಿಮೆಯಾಯಿತು. ಎದುರುಮನೆಯ ಅಜ್ಜಿ ಮೊದಲು ಬರುವುದು ಬಿಟ್ಟಳು, ಆಮೇಲೆ ಗುಮಾಸ್ತರು. ಪೋಸ್ಟ್‌ಮನ್ ಬಾಗಿಲಲ್ಲೇ ಕೈಯೆತ್ತಿ ಹೋಗುತ್ತಿದ್ದ. ಅಕ್ಕ ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿಟ್ಟಳು. ಒರೆಸುವುದಕ್ಕೂ ಅದನ್ನು ಮುಟ್ಟುತ್ತಿರಲಿಲ್ಲ.

ನಾಲ್ಕು ವರ್ಷ ಹೀಗೇ ಕಳೆದವು. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಭಾವ ಏಳಲಿಲ್ಲ. ಕಾಯಿಲೆ ಮರುಕಳಿಸಿದ್ದಲ್ಲ, ಹೃದಯ ನಿಂತದ್ದು ಅಂದರು ಡಾಕ್ಟರು.

ತಿಂಗಳಾದ ಮೇಲೆ ಅಕ್ಕ ಅವನನ್ನು ಕರೆಸಿದಳು. ಮುಂದಿನ ಕೋಣೆ ಖಾಲಿ ಮಾಡಬೇಕು, ಭಾವನ ಉಪಕರಣಗಳಲ್ಲಿ ಬೇಕಾದ್ದು ತೆಗೆದುಕೋ ಅಂತ. ಇಬ್ಬರೂ ನೆಲದ ಮೇಲೆ ಕೂತು ಡಬ್ಬಿಗಳನ್ನು ತೆರೆಯುತ್ತಿದ್ದರು. ಅಕ್ಕ ಬಟ್ಟೆ ಹೊದಿಸಿದ್ದ ಕಂಪ್ಯೂಟರನ್ನು ತೋರಿಸಿ, "ಇದನ್ನೂ ತಗೊಂಡು ಹೋಗು. ನೋಡಿದಾಗೆಲ್ಲ ನನ್ನ ಪಾಪ ನೋಡಿದ ಹಾಗಾಗುತ್ತೆ" ಅಂದಳು.

ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡದ್ದು ಅವನಿಗೇ ತಿಳಿಯದಂತೆ ಹೊರಗೆ ಬಂತು.

"ನಿನ್ನ ಪಾಪ ಅಲ್ಲ ಅಕ್ಕ. ನಂದು."

ಎಲ್ಲ ಹೇಳಿದ. ವೈರಸ್ಸು ಏನನ್ನೂ ತಿಂದಿರಲಿಲ್ಲ ಅಂತ, ಬರೀ ಮರೆಮಾಡಿತ್ತು ಅಂತ. ನೀಲಿ ಗೆರೆಯ ವಿಷಯ, ಭಾವ ಸ್ಲೇಟಿನಲ್ಲಿ ಕೇಳಿದ ಪ್ರಶ್ನೆಯನ್ನು ಓದಿಯೂ ಒತ್ತಿದ ವಿಷಯ, ಟೈಪಿಂಗ್ ಶಾಲೆಯ ಮೇಡಂ ವಿಷಯ, ಆವತ್ತು ಹೇಳಲೆಂದೇ ಬಂದು ಹೇಳದೇ ಹೋದ ವಿಷಯ. ಅಕ್ಕ ಒಂದು ಕಡೆಯೂ ತಡೆಯಲಿಲ್ಲ. ಅವನು ಬೈಗುಳಕ್ಕೆ ಕಾದ. ಹೊಡೆದಿದ್ದರೂ ಹೊಡೆಸಿಕೊಳ್ಳುತ್ತಿದ್ದ, ಹೊಡೆದರೆ ಚೆನ್ನಾಗಿತ್ತು ಅಂದುಕೊಂಡ.

ಅಕ್ಕ ಕೇಳಿದಳು, "ಮರೆಮಾಡಿದ್ದನ್ನ ತೋರಿಸೋದು ಎಷ್ಟು ಹೊತ್ತಿನ ಕೆಲಸ?"

"ಎರಡು ನಿಮಿಷ."

ಅವಳು ತಲೆಯಾಡಿಸಿದಳು.

"ನಾನು ದಿನಾ ಅವರ ಹತ್ರ ತಪ್ಪಾಯ್ತು ಅಂತಿದ್ದೆ ಕಣೋ. ಮಲಗೋ ಮುಂಚೆ. ಅವರು ನನ್ನ ಕೈ ಮೇಲೆ ಕೈ ಇಡೋರು. ಒಂದೇ ಒಂದು ಸಲ, ಯಾವುದೋ ಬೇಜಾರಲ್ಲಿ, 'ನಿನ್ನಿಂದ ಹೋಯ್ತು' ಅಂತ ಬರೆದುಬಿಟ್ರು. ಬರೆದ ತಕ್ಷಣ ಅಂಗೈಯಲ್ಲೇ ಒರೆಸಿದ್ರು. ನಾನು ಓದಿಬಿಟ್ಟಿದ್ದೆ. ಆಮೇಲೆ ಹಾಗೆ ಬರೆದೆನಲ್ಲ ಅಂತ ಅವರು ಎರಡು ದಿನ ಊಟ ಮಾಡ್ಲಿಲ್ಲ. ಅವರನ್ನ ಸಮಾಧಾನ ಮಾಡೋಕೆ ನಾನೇ, 'ನೀವು ಬರೆದಿದ್ದು ನಿಜವೇ ಅಲ್ವಾ' ಅಂದೆ."

ಅವನು ಅವಳ ಕಾಲು ಹಿಡಿಯಲು ಬಗ್ಗಿದ. ಅಕ್ಕ ಅವನ ಭುಜ ಹಿಡಿದು ತಡೆದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅವಳು ಅವನನ್ನು ನೋಡುತ್ತಲೂ ಇರಲಿಲ್ಲ, ಭಾವ ಕೂರುತ್ತಿದ್ದ ಕುರ್ಚಿಯ ಕಡೆ ನೋಡುತ್ತಿದ್ದಳು.

"ನನ್ನ ಬಿಡು, ನನಗೆ ಈಗಲಾದ್ರೂ ಗೊತ್ತಾಯ್ತು" ಅಂದಳು. "ನಾನಲ್ಲ ಅಂತ ಅವರಿಗೆ ಗೊತ್ತಾಗ್ದೇ ಹೋಯ್ತಲ್ಲೋ."